ಹದಿನೈದು ಕೋಟಿ ಪ್ರತಿ ಮಾರಾಟವಾದ ಪುಸ್ತಕ, ನನಗೊಬ್ಬಳಿಗೇ ಆಕಳಿಕೆ ಬಂತಾ?

ಅರ್ಧ ಓದಿದವಳು

ಮೊದಲೇ ಹೇಳಿಬಿಡುತ್ತೇನೆ, ನಾನು ಮಡಿವಂತೆ ಅಲ್ಲ. ಫಿಫ್ಟಿ ಶೇಡ್ಸ್ ಆಫ್ ಗ್ರೇ ಅನ್ನುವ ಹಸಿಬಿಸಿ ಪ್ರೇಮ ಕಾದಂಬರಿ ಕೊಂಡದ್ದು ಯಾತಕ್ಕೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

2012ರಲ್ಲಿ ಇದರ ಗುಲ್ಲು ಎದ್ದಾಗ ನನ್ನ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಆಫೀಸಿನ ಕ್ಯಾಂಟೀನಿನಲ್ಲಿ ಗೆಳತಿಯರು ತಲೆಗೆ ತಲೆ ಸೇರಿಸಿ ಪಿಸುಗುಟ್ಟುತ್ತಿದ್ದರು. ಸಿಗ್ನಲ್ಲಿನಲ್ಲಿ ಪುಸ್ತಕ ಮಾರುವ ಹುಡುಗರು ಆಟೋದೊಳಗೆ ಕೈ ಚಾಚಿ ತೋರಿಸುತ್ತಿದ್ದರು. ಮುಖಪುಟದಲ್ಲಿ ಒಂದು ಬೂದು ಟೈ, ಅಷ್ಟೇ. ಪಕ್ಕದಲ್ಲಿ ಮಾವನವರು ಕೂತಿದ್ದರೆ ಕೊಳ್ಳುವುದು ಹೇಗೆ? ಹಾಗೇ ವರ್ಷ ಉರುಳಿತು. ಮೊನ್ನೆ ಹಳೇ ಪುಸ್ತಕದ ಅಂಗಡಿಯಲ್ಲಿ ಮೂರೂ ಭಾಗ ದಾರದಲ್ಲಿ ಕಟ್ಟಿಟ್ಟಿದ್ದರು. ತಂದೆ. ಮಗಳ ನೋಟ್‌ಬುಕ್ಕಿಗೆ ಉಳಿದಿದ್ದ ಬ್ರೌನ್ ಪೇಪರಿನಲ್ಲಿ ಬೈಂಡ್ ಹಾಕಿದೆ. ಮೇಲೆ ಲೇಬಲ್ ಅಂಟಿಸಿ "ಇನ್‌ಕಂ ಟ್ಯಾಕ್ಸ್" ಅಂತ ಬರೆದೆ. ನಮ್ಮ ಮನೆಯಲ್ಲಿ ಆ ಹೆಸರಿನ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಓದಲು ಕೂತೆ. ನಾಲ್ಕನೇ ದಿನಕ್ಕೆ ಏನಾಯಿತು ಗೊತ್ತಾ? "ಆ" ಪುಟಗಳು ಬಂದರೆ ಹಾರಿಸಿ ಮುಂದೆ ಹೋಗುತ್ತಿದ್ದೆ! ನಾಚಿಕೆಯಿಂದ ಅಲ್ಲ, ಬೇಜಾರಿನಿಂದ. ಮೊದಲ ಸಲ ಓದುವಾಗ ಕುತೂಹಲ ಇತ್ತು, ಸುಳ್ಳು ಹೇಳುವುದಿಲ್ಲ. ಆರನೇ ಸಲ ಅದೇ ಉಸಿರು, ಅದೇ ನಡುಕ, ಅದೇ ಮಾತು. ಹುಡುಗಿ ತುಟಿ ಕಚ್ಚುತ್ತಾಳೆ. ಅವಳ ಕೋಟ್ಯಧಿಪತಿ ಪ್ರಿಯಕರ ಕಚ್ಚಬೇಡ ಅನ್ನುತ್ತಾನೆ. ಮತ್ತೆ ಕಚ್ಚುತ್ತಾಳೆ. ಅವಳೊಳಗೆ ಒಬ್ಬ "ಅಂತರಂಗದ ದೇವತೆ" ಬೇರೆ ಇದ್ದಾಳೆ, ಸಂತೋಷವಾದಾಗಲೆಲ್ಲ ಎದ್ದು ಕುಣಿಯುತ್ತಾಳೆ. ನಮ್ಮೂರ ಜಾತ್ರೆಯಲ್ಲಿ ಮೈಮೇಲೆ ಬರುವ ದೇವರೂ ಇಷ್ಟು ಸಲ ಕುಣಿಯುವುದಿಲ್ಲ.

ಮಿಕ್ಕಿದ್ದು ಸಾಮಾನಿನ ಪಟ್ಟಿ. ಅವನ ಹೆಲಿಕಾಪ್ಟರ್, ಅವನ ಪಿಯಾನೊ, ಅವನು ಕೊಡಿಸಿದ ಲ್ಯಾಪ್‌ಟಾಪ್, ಅವನು ಕೊಡಿಸಿದ ಆಡಿ ಕಾರು. ಆಮೇಲೆ ಈಮೇಲ್‌ಗಳು. ಪುಟಗಟ್ಟಲೆ. ಪ್ರತಿಯೊಂದರ ಕೆಳಗೂ ಅವನ ಹೆಸರು, ಹುದ್ದೆ, ಕಂಪನಿ. ದಿನವಿಡೀ ಆಫೀಸಿನಲ್ಲಿ ಅದನ್ನೇ ನೋಡಿ ಬಂದವಳಿಗೆ ರಾತ್ರಿಯೂ ಅದೇ ಬೇಕಾ?

ಎರಡನೇ ಭಾಗ ಕಷ್ಟಪಟ್ಟು ಮುಗಿಸಿದೆ. ಮೂರನೆಯದು ನಲವತ್ತನೇ ಪುಟದಲ್ಲಿ ನಿಂತಿದೆ. ಹದಿನೈದು ಕೋಟಿಗೂ ಹೆಚ್ಚು ಪ್ರತಿ ಹೋಗಿವೆಯಂತೆ, ಐವತ್ತಕ್ಕೂ ಹೆಚ್ಚು ಭಾಷೆಗೆ ಹೋಗಿದೆಯಂತೆ. ಅಷ್ಟು ಜನಕ್ಕೆ ಸಿಕ್ಕಿದ್ದು ನನಗೆ ಯಾಕೆ ಸಿಗಲಿಲ್ಲ? ಓದಿದವರು ನಿಜ ಹೇಳಿ.

ಖಾರಾಬಾತ್

ನಾನು ಮೊದಲ ಭಾಗದ ನೂರನೇ ಪುಟದಲ್ಲಿ ನಿಲ್ಲಿಸಿದೆ. ನೂರು ಪುಟ ಕಾದರೂ ಅವರಿಬ್ಬರು ಕಾಫಿಯನ್ನೇ ಸರಿಯಾಗಿ ಕುಡಿದಿರಲಿಲ್ಲ. ಅಂದ ಹಾಗೆ ಇನ್‌ಕಂ ಟ್ಯಾಕ್ಸ್ ಐಡಿಯಾ ಸೂಪರ್, ಕದಿಯುತ್ತಿದ್ದೇನೆ.

ಕರಡು ತಿದ್ದುವವಳು

ಪ್ರಕಾಶನದಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು. ನಿಮಗೆ ಬೇಜಾರು ತರಿಸಿದ ಪ್ರತಿಯೊಂದಕ್ಕೂ ಕಾರಣ ಈ ಪುಸ್ತಕ ಹುಟ್ಟಿದ ರೀತಿಯಲ್ಲೇ ಇದೆ.

ಇದು ಮೊದಲು ಪುಸ್ತಕವೇ ಆಗಿರಲಿಲ್ಲ. ಇ.ಎಲ್. ಜೇಮ್ಸ್ ಲಂಡನ್ನಿನಲ್ಲಿ ಟಿವಿ ಕೆಲಸದಲ್ಲಿದ್ದವರು. ಟ್ವೈಲೈಟ್ ಅನ್ನುವ, ರಕ್ತ ಹೀರುವ ಭೂತದ ಪ್ರೇಮಕಥೆ ಸರಣಿಯ ಹುಚ್ಚು ಹಿಡಿದು, 2009ರಲ್ಲಿ ಅದರ ಪಾತ್ರಗಳನ್ನೇ ಇಟ್ಟುಕೊಂಡು ಅಂತರ್ಜಾಲದಲ್ಲಿ ಕಥೆ ಬರೆಯಲು ಶುರು ಮಾಡಿದರು. ಆಗ ನಾಯಕ ಎಡ್ವರ್ಡ್, ನಾಯಕಿ ಬೆಲ್ಲಾ. ರಕ್ತ ಹೀರುವ ಭೂತ ಹೋಗಿ ಕೋಟ್ಯಧಿಪತಿ ಬಂದ, ಅಷ್ಟೇ ವ್ಯತ್ಯಾಸ. ಆಮೇಲೆ ಹೆಸರು ಬದಲಾಯಿಸಿ ಕ್ರಿಶ್ಚಿಯನ್ ಗ್ರೇ, ಅನಸ್ತೇಸಿಯಾ ಸ್ಟೀಲ್ ಅಂತ ಮಾಡಿದರು. 2011ರಲ್ಲಿ ಆಸ್ಟ್ರೇಲಿಯಾದ ಒಂದು ಪುಟ್ಟ ಪ್ರಕಾಶನ ಇ-ಪುಸ್ತಕವಾಗಿ ತಂದಿತು. ಬೇಕೆಂದವರಿಗೆ ಮಾತ್ರ ಮುದ್ರಿಸಿ ಕೊಡುತ್ತಿದ್ದರು. ಬಾಯಿಂದ ಬಾಯಿಗೆ ಹರಡಿ, 2012ರ ವಸಂತದ ಹೊತ್ತಿಗೆ ರ‍್ಯಾಂಡಮ್ ಹೌಸ್ ಅನ್ನುವ ದೊಡ್ಡ ಪ್ರಕಾಶನದ ವಿಂಟೇಜ್ ವಿಭಾಗ ಹಕ್ಕು ಕೊಂಡಿತು.

ಈಗ ಯೋಚನೆ ಮಾಡಿ. ಕಂತು ಕಂತಾಗಿ ಬರೆಯುವವರಿಗೆ ಪ್ರತಿ ಕಂತಿನಲ್ಲೂ ಓದುಗರಿಗೆ ಏನಾದರೂ ಕೊಡಬೇಕು. ಒಂದು ಮುತ್ತು, ಒಂದು ಜಗಳ, ಒಂದು ಹೊಸ ಕಾರು. ಕೆಳಗೆ ಅಭಿಮಾನಿಗಳು "ಬೇಗ ಮುಂದಿನದು ಹಾಕಿ" ಅಂತ ಕಾಯುತ್ತಿರುತ್ತಾರೆ. ಹೀಗೆ ಬಂದದ್ದನ್ನು ಒಟ್ಟಿಗೆ ಕೂತು ಓದಿದರೆ ಅದೇ ತುಟಿ ನೂರು ಸಲ ಕಚ್ಚಿದ ಹಾಗೆ ಕಾಣುತ್ತದೆ. ನಮ್ಮ ವಾರಪತ್ರಿಕೆಯ ಧಾರಾವಾಹಿಗಳಿಗೂ ಈ ರೋಗ ಇತ್ತು. ಆದರೆ ಪುಸ್ತಕ ಮಾಡುವಾಗ ಒಳ್ಳೆಯ ಲೇಖಕಿಯರು ಕೂತು ಕಡಿಯುತ್ತಿದ್ದರು. ಇಲ್ಲಿ ಕತ್ತರಿ ಆಡಿಸಿದ ಲಕ್ಷಣವೇ ಇಲ್ಲ. ಬಿಸಿಯಾಗಿ ಮಾರಾಟವಾಗುತ್ತಿರುವ ಬೋಂಡಾಗೆ ಯಾರು ಉಪ್ಪು ನೋಡುತ್ತಾರೆ?

ಆ ವರ್ಷದ ಕೊನೆಗೆ ರ‍್ಯಾಂಡಮ್ ಹೌಸ್ ಅಮೆರಿಕದಲ್ಲಿನ ತನ್ನ ನೌಕರರಿಗೆ ತಲಾ 5,000 ಡಾಲರ್ ಬೋನಸ್ ಕೊಟ್ಟಿತು. ಗೋದಾಮಿನವರಿಗೂ. ನಮ್ಮ ಆಫೀಸಿನಲ್ಲಿ ಇವತ್ತಿಗೂ ಇದನ್ನು ಪುರಾಣದ ಕಥೆಯ ಹಾಗೆ ಹೇಳಿಕೊಳ್ಳುತ್ತೇವೆ. ನಮಗೆ ದೀಪಾವಳಿಗೆ ಸೋನ್‌ಪಾಪ್ಡಿ.

ಸುಮ್ನೆ ಓದುವವ

ಕಾರಂತರು, ಕುವೆಂಪು ಬರೆದ ಭಾಷೆಯವರು ಇಂಥ ಕಸವನ್ನು ಯಾಕೆ ಓದಬೇಕು ಅಂತ ನನಗೆ ಅರ್ಥವಾಗುವುದಿಲ್ಲ. ಹೆಣ್ಣುಮಕ್ಕಳು ಅದನ್ನು ಹೀಗೆ ಬಹಿರಂಗವಾಗಿ ಚರ್ಚಿಸುವುದು ಬೇರೆ.

ಖಾರಾಬಾತ್

ಸರ್, ನಿಮ್ಮ ಹೆಸರೇ "ಸುಮ್ನೆ ಓದುವವ". ಸುಮ್ನೆ ಓದಿಕೊಂಡು ಹೋಗಬಹುದಿತ್ತು.

ರಾತ್ರಿ ಪಾಳಿ

ನಾನು ಈ ಪುಸ್ತಕದ ಪರ. ಬೈಯುವವರು ಬೈಯಿರಿ.

ನಾನು ನರ್ಸ್. ಮೊದಲ ಭಾಗ ಓದಿದ್ದು ಮೊಬೈಲಿನಲ್ಲಿ, ನೈಟ್ ಡ್ಯೂಟಿ ಮುಗಿಸಿ ಬೆಳಗಿನ ಮೊದಲ ಬಸ್ಸಿನಲ್ಲಿ ಮನೆಗೆ ಹೋಗುವಾಗ. ಮುಖಪುಟ ಇಲ್ಲ, ಬೈಂಡ್ ಹಾಕುವ ಕೆಲಸವಿಲ್ಲ. ಪಕ್ಕದವರು ನಾನು ವಾಟ್ಸ್ಯಾಪ್ ನೋಡುತ್ತಿದ್ದೇನೆ ಅಂದುಕೊಂಡಿರುತ್ತಾರೆ. ಈ ಸರಣಿ ಅಷ್ಟು ಓಡಿದ್ದಕ್ಕೆ ಇ-ಪುಸ್ತಕವಾಗಿ ಬಂದದ್ದೂ ಒಂದು ಕಾರಣ ಅಂತ ನನ್ನ ಲೆಕ್ಕ. ಚಿಕ್ಕವಳಿದ್ದಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಪಿನ್ ಹೊಡೆದು ನೇತುಹಾಕಿದ ಪುಸ್ತಕಗಳಿರುತ್ತಿದ್ದವು, ನೆನಪಿದೆಯಾ? ಅವು ಗಂಡಸರಿಗೆ. ಅಲ್ಲಿ ಹೆಂಗಸು ಅಂದರೆ ಬರೀ ಚಿತ್ರ. ಇಲ್ಲಿ ಹೆಂಗಸೇ "ನಾನು" ಅಂತ ಕಥೆ ಹೇಳುತ್ತಾಳೆ. ಅವಳಿಗೆ ಏನು ಅನ್ನಿಸಿತು ಅನ್ನುವುದೇ ಮುಖ್ಯ. ಭಾಷೆ ಕೆಟ್ಟದಾಗಿದೆ, ಒಪ್ಪುತ್ತೇನೆ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದವಳು ಭಾಷೆಯ ಸೊಗಸು ನೋಡಲು ಪುಸ್ತಕ ತೆರೆಯುವುದಿಲ್ಲ.

ಇನ್ನೊಂದು. ಪುಸ್ತಕದಲ್ಲಿ ಗ್ರೇ ಮನೆಗೆ ಸ್ತ್ರೀರೋಗ ತಜ್ಞೆಯನ್ನೇ ಕರೆಸುತ್ತಾನೆ, ಗರ್ಭನಿರೋಧಕದ ಬಗ್ಗೆ ಮಾತಾಡಲು. ಪ್ರೇಮ ಕಾದಂಬರಿಯಲ್ಲಿ ಇದನ್ನು ಎಲ್ಲಿ ಓದಿದ್ದೀರಿ? ನಮ್ಮ ಓಪಿಡಿಗೆ ಬರುವ ಎಷ್ಟೋ ಜೋಡಿಗಳಲ್ಲಿ ಈ ಮಾತನ್ನು ಮೊದಲ ಮಗು ಆದಮೇಲೆ ನಾವೇ ತೆಗೆಯಬೇಕು.

ಅರ್ಧ ಓದಿದವಳು

ಅಕ್ಕ, ನೀವು ಹೇಳಿದ್ದು ಸರಿ. ಬಸ್ಸಿನ ವಿಷಯ ಓದಿ ನಗು ಬಂತು. ಅವಳೇ ಕಥೆ ಹೇಳುತ್ತಾಳೆ ಅನ್ನುವುದೂ ನಿಜ. ಆದರೆ ನನ್ನ ದೂರು ಶುರುವಾಗುವುದೇ ಅಲ್ಲಿಂದ.

ಡಾಕ್ಟರನ್ನು ಕರೆಸಿದವನು ಅವನು. ದಿನ ಗೊತ್ತು ಮಾಡಿದವನು ಅವನು. ಅವಳು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಅನ್ನುವುದು ಅವಳು ಸಹಿ ಹಾಕಲಿ ಅಂತ ಅವನು ಕೊಡುವ ಕರಾರುಪತ್ರದಲ್ಲಿ ಬರೆದಿದೆ. ಅವಳ ಹಳೇ ಕಾರನ್ನು ಮಾರಿಸಿದ. ಅವಳು ಎಲ್ಲಿದ್ದಾಳೆ ಅನ್ನುವುದನ್ನು ಫೋನಿನಿಂದ ಪತ್ತೆ ಮಾಡಿ ಬಾರಿನ ಬಾಗಿಲಿಗೇ ಬಂದ. ಎರಡನೇ ಭಾಗದಲ್ಲಂತೂ ಅವಳು ಕೆಲಸ ಮಾಡುವ ಪ್ರಕಾಶನವನ್ನೇ ಕೊಂಡುಬಿಟ್ಟ. ಇದನ್ನೆಲ್ಲ ಓದುವಾಗ ನನಗೆ ನಮ್ಮ ಅಪಾರ್ಟ್‌ಮೆಂಟಿನ ಒಬ್ಬ ಹುಡುಗಿ ನೆನಪಾದಳು. ಅವಳ ಗಂಡ ಹೀಗೇ, ಎಲ್ಲಿದ್ದೀ ಅಂತ ಗಂಟೆಗೊಮ್ಮೆ ಫೋನ್. ಅವನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಸ್ವಿಫ್ಟ್. ಆದ್ದರಿಂದ ನಾವೆಲ್ಲ ಅವನನ್ನು ಸಂಶಯಪಿಶಾಚಿ ಅನ್ನುತ್ತೇವೆ. ಹೆಲಿಕಾಪ್ಟರ್ ಇದ್ದಿದ್ದರೆ ಪ್ರೇಮ ಅನ್ನುತ್ತಿದ್ದೆವಾ?

ಹುಡುಗಿಗೆ 21 ವರ್ಷ, ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿನಿ. ಅವನು ಅವಳಿಗೆ ಥಾಮಸ್ ಹಾರ್ಡಿಯ ಟೆಸ್ ಕಾದಂಬರಿಯ ಮೊದಲ ಮುದ್ರಣ ಕಳಿಸುತ್ತಾನೆ. ದುಡ್ಡಿರುವವನ ಕೈಗೆ ಸಿಕ್ಕಿ ನಾಶವಾದ ಬಡ ಹುಡುಗಿಯ ಕಥೆ ಅದು. ಬಿಎಯಲ್ಲಿ ನಮಗೆ ಪಠ್ಯವಾಗಿತ್ತು, ಅದಕ್ಕೇ ನನಗೆ ಇಲ್ಲಿ ಆಸೆ ಹುಟ್ಟಿದ್ದು. ಆಹಾ, ಈ ಲೇಖಕಿಗೆ ಗೊತ್ತಿದೆ, ಇದನ್ನು ಎಲ್ಲಿಗೋ ಒಯ್ಯುತ್ತಾಳೆ ಅಂದುಕೊಂಡೆ. ಎಲ್ಲಿಗೂ ಒಯ್ಯಲಿಲ್ಲ. ಅದೂ ಒಂದು ದುಬಾರಿ ಸಾಮಾನಾಗಿ ಪಟ್ಟಿಗೆ ಸೇರಿತು. ಇಡೀ ಸರಣಿಯಲ್ಲಿ ನನಗೆ ಮನಸ್ಸು ಮುರಿದದ್ದು ಅಲ್ಲಿ.

ಸಿಯಾಟಲ್ ಮಳೆ

ಕಥೆ ನಡೆಯುವ ಸಿಯಾಟಲ್ ಊರಿನಿಂದಲೇ ಬರೆಯುತ್ತಿದ್ದೇನೆ. ಗ್ರೇ ಇರುವ ಎಸ್ಕಾಲಾ ಕಟ್ಟಡ ನಿಜವಾಗಿಯೂ ಡೌನ್‌ಟೌನಿನಲ್ಲಿದೆ. ಭಾರತದಿಂದ ಬಂದ ನನ್ನ ಅತ್ತಿಗೆ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. "ಏನಿದು ಕಟ್ಟಡ" ಅಂತ ಅಣ್ಣ ಕೇಳಿದರೆ "ಆರ್ಕಿಟೆಕ್ಚರ್ ಚೆನ್ನಾಗಿದೆ" ಅಂದರು. ಗ್ರೇಯ ಅಪ್ಪ ಅಮ್ಮನ ಬಂಗಲೆ ಇರುವುದು ಪಕ್ಕದ ಊರು ಬೆಲ್‌ವ್ಯೂನಲ್ಲಿ. ಅಲ್ಲಿ ಈಗ ಯುಗಾದಿ ದಿನ ಹೋಳಿಗೆ ವಾಸನೆ ಬರುತ್ತದೆ, ಅಷ್ಟು ಜನ ನಮ್ಮವರಿದ್ದಾರೆ.

ಹುಡುಗಿ ಓದುವ ವ್ಯಾಂಕೂವರ್ ಕೆನಡಾದ್ದಲ್ಲ, ತುಂಬ ಜನ ಹಾಗೆ ತಿಳಿದುಕೊಂಡಿದ್ದಾರೆ. ಅದು ಇದೇ ವಾಷಿಂಗ್ಟನ್ ರಾಜ್ಯದ ದಕ್ಷಿಣ ತುದಿಯಲ್ಲಿದೆ. ಕೊಲಂಬಿಯಾ ನದಿ ದಾಟಿದರೆ ಪೋರ್ಟ್‌ಲ್ಯಾಂಡ್. ಅಲ್ಲಿನ ಹೀತ್‌ಮನ್ ಹೋಟೆಲೂ ನಿಜವಾದದ್ದೇ, ಪುಸ್ತಕದ ಗಾಳಿ ಬೀಸಿದಾಗ ಅಭಿಮಾನಿಗಳಿಗೆಂದೇ ಪ್ಯಾಕೇಜ್ ಮಾಡಿದ್ದರು. ಲೇಖಕಿ ಮಾತ್ರ ಬರೆದದ್ದು ಲಂಡನ್ನಿನಲ್ಲಿ ಕೂತು. ಅದಕ್ಕೇ ಈ ಅಮೆರಿಕದ ಹುಡುಗಿ ಆಗಾಗ ಬ್ರಿಟನ್ನಿನವಳ ಹಾಗೆ ಮಾತಾಡುತ್ತಾಳೆ. ಮಂಡ್ಯದ ಹುಡುಗಿ ಇದ್ದಕ್ಕಿದ್ದಂತೆ ಮಂಗಳೂರು ಕನ್ನಡ ಆಡಿದ ಹಾಗೆ. ಈ ರಾಜ್ಯವೇ ಯಾಕೆ ಅಂದರೆ, ಟ್ವೈಲೈಟ್ ನಡೆಯುವುದು ಇಲ್ಲಿನ ಫೋರ್ಕ್ಸ್ ಅನ್ನುವ ಮಳೆಯೂರಿನಲ್ಲಿ. ಭೂತಗಳು ಹೋದವು, ಮಳೆ ಉಳಿಯಿತು.

ಅರ್ಧ ಓದಿದವಳು

"ಆರ್ಕಿಟೆಕ್ಚರ್ ಚೆನ್ನಾಗಿದೆ"!! ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ಹಳೇ ಮೇಷ್ಟ್ರು

ನಿವೃತ್ತ ಕನ್ನಡ ಅಧ್ಯಾಪಕ ನಾನು. ಸೊಸೆಯ ಕಪಾಟಿನಲ್ಲಿ ಸಿಕ್ಕಿದ್ದಕ್ಕೆ ಮೊದಲ ಭಾಗ ಓದಿದ್ದೇನೆ. ಸೊಸೆಗೆ ಗೊತ್ತಿಲ್ಲ, ಇಲ್ಲಿ ಯಾರೂ ಹೇಳಬೇಡಿ.

"ಸುಮ್ನೆ ಓದುವವ" ಅವರಿಗೆ ಒಂದು ಮಾತು. ಕನ್ನಡದಲ್ಲಿ ಇದೆಲ್ಲ ಇರಲಿಲ್ಲ ಅಂತ ತಿಳಿಯಬೇಡಿ. 1950ರ ಆಸುಪಾಸಿನಲ್ಲಿ ಅನಕೃ ವೇಶ್ಯೆಯರ ಬದುಕಿನ ಮೇಲೆ ನಗ್ನಸತ್ಯ, ಶನಿಸಂತಾನ, ಸಂಜೆಗತ್ತಲು ಬರೆದಾಗ ಅಶ್ಲೀಲ ಅಂತ ದೊಡ್ಡ ರಂಪವಾಯಿತು. ಅವರು ಸುಮ್ಮನಿರಲಿಲ್ಲ. ಸಾಹಿತ್ಯ ಮತ್ತು ಕಾಮಪ್ರಚೋದನೆ ಅಂತ ಒಂದು ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು.

ಇನ್ನೂ ಹಿಂದೆ ಹೋಗೋಣ. ಜನ್ನನ ಯಶೋಧರ ಚರಿತೆ, 1209ರದ್ದು. ರಾಣಿ ಅಮೃತಮತಿ ಅರಸನ ಪಕ್ಕದಲ್ಲಿ ಮಲಗಿದ್ದಾಳೆ. ಬೆಳಗಿನ ಜಾವ ಆನೆಲಾಯದ ಕಡೆಯಿಂದ ಹಾಡು ಕೇಳಿಬರುತ್ತದೆ. ಆ ದನಿಗೆ ಸೋತಳು. ದೂತಿ ಹೋಗಿ ನೋಡಿ ಬಂದು, ಅವನು ಮಾವುತ, ಮೈ ಪೂರಾ ಸೊಟ್ಟ, ನೋಡಲಾಗದ ರೂಪ ಅನ್ನುತ್ತಾಳೆ. ರಾಣಿಗೆ ಅದು ಲೆಕ್ಕಕ್ಕಿಲ್ಲ. ಒಂದು ರಾತ್ರಿ ತಡವಾಗಿ ಹೋದಾಗ ಅವನು ಜಡೆ ಹಿಡಿದೆಳೆದು ಬಾರಿಸುತ್ತಾನೆ. ಇವಳು ಅವನ ಕಾಲು ಹಿಡಿದು, ನಿನ್ನನ್ನು ಬಿಟ್ಟರೆ ಮಿಕ್ಕ ಗಂಡಸರೆಲ್ಲ ನನಗೆ ಒಡಹುಟ್ಟಿದವರು ಅನ್ನುತ್ತಾಳೆ. ಅರಸ ಕತ್ತಿ ಹಿಡಿದು ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಾನೆ.

ಹೊಡೆತ ಇದೆ, ಶರಣಾಗತಿ ಇದೆ. ಗ್ರೇ ಪುಸ್ತಕ ಮೂರು ಸಂಪುಟದಲ್ಲಿ ಹೇಳಲು ಹೊರಟಿದ್ದು ಇಲ್ಲಿ ಕೆಲವೇ ಪದ್ಯದಲ್ಲಿದೆ. ಆ ಮಾವುತನ ಹತ್ತಿರ ಏನಿತ್ತು ಹೇಳಿ? ಕಾರಿಲ್ಲ, ಬಂಗಲೆಯಿಲ್ಲ, ಮೈಕಟ್ಟೂ ಇಲ್ಲ. ಒಂದು ಕೊರಳು ಮಾತ್ರ. ಅದಕ್ಕೇ ಓದುವಾಗ ಎದೆ ಝಲ್ಲೆನ್ನುತ್ತದೆ. ಎಲ್ಲ ಇರುವವನಿಗೆ ಹುಡುಗಿ ಮನಸೋತರೆ ಅದರಲ್ಲಿ ಕಥೆ ಏನಿದೆ? ತರಗತಿಯಲ್ಲಿ ಈ ಭಾಗ ಪಾಠ ಮಾಡುವಾಗ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು.

ರಾತ್ರಿ ಪಾಳಿ

ಮೇಷ್ಟ್ರೇ, ನಮಸ್ಕಾರ. ಪಿಯುಸಿಯಲ್ಲಿ ನಮ್ಮ ಮೇಷ್ಟ್ರು ಈ ಭಾಗವನ್ನು ಮನೆಯಲ್ಲೇ ಓದಿಕೊಳ್ಳಿ ಅಂತ ಹಾರಿಸಿಬಿಟ್ಟರು. ಈಗ ಗೊತ್ತಾಯಿತು ಯಾಕೆ ಅಂತ.

ಆದರೆ ಒಂದು ವಿಷಯ ನೀವು ಬಿಟ್ಟಿರಿ. ಅಮೃತಮತಿಗೆ ಕೊನೆಗೆ ಏನಾಗುತ್ತದೆ? ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ. ಕುಷ್ಠ ಬರುತ್ತದೆ. ನರಕಕ್ಕೆ ಹೋಗುತ್ತಾಳೆ. ನಮ್ಮ ಕಥೆಗಳಲ್ಲಿ ಬಯಸಿದ ಹೆಂಗಸಿಗೆ ಯಾವಾಗಲೂ ಇದೇ ಗತಿ. ಸಿನಿಮಾದಲ್ಲಾದರೆ ಲಾರಿ ಬಂದು ಗುದ್ದುತ್ತದೆ, ಕಾದಂಬರಿಯಲ್ಲಾದರೆ ಬಾವಿ ಇದ್ದೇ ಇದೆ. ಈ ಕೆಟ್ಟ ಪುಸ್ತಕದಲ್ಲಿ ಹುಡುಗಿ ಬಯಸುತ್ತಾಳೆ, ಪಡೆಯುತ್ತಾಳೆ, ಯಾರೂ ಅವಳಿಗೆ ಕುಷ್ಠ ತರಿಸುವುದಿಲ್ಲ. ಹದಿನೈದು ಕೋಟಿ ಪ್ರತಿ ಯಾಕೆ ಹೋದವು ಅಂತ ಕೇಳಿದಿರಲ್ಲ, ನನ್ನ ಉತ್ತರ ಇದು.

ಹಳೇ ಮೇಷ್ಟ್ರು

ತಂಗೀ, ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಈ ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿನಿಯೂ ಕೇಳಲಿಲ್ಲ. ಕೇಳುವ ಹಾಗೆ ನಾನು ಪಾಠ ಮಾಡಲಿಲ್ಲವೇನೋ.

ತೂಕಡಿಸುವ ಬೆಕ್ಕು

ತಡವಾಗಿ ಬಂದೆ. ಯಾರೂ ಮುಟ್ಟದ ಒಂದು ವಿಷಯ ಹೇಳುತ್ತೇನೆ. ಈ ಪುಸ್ತಕವನ್ನು ಮಡಿವಂತರು ಬೈದರು, ಸರಿ. ಫ್ಲಾರಿಡಾದ ಬ್ರೆವಾರ್ಡ್ ಕೌಂಟಿಯ ಗ್ರಂಥಾಲಯಗಳು 2012ರಲ್ಲಿ ಕಪಾಟಿನಿಂದ ತೆಗೆದವು, ಜನ ಗಲಾಟೆ ಮಾಡಿದಮೇಲೆ ಮತ್ತೆ ಇಟ್ಟವು. ಆದರೆ ಬಿಡಿಎಸ್‌ಎಂ (ಒಪ್ಪಿಗೆಯಿಂದ ಕಟ್ಟುವ, ಹೊಡೆಯುವ, ಆಳುವ ಕಾಮದಾಟ) ಬಲ್ಲವರೂ ಬೈದರು. ಅವರ ಸಿಟ್ಟು ಬೇರೆ. ಆ ಲೋಕದಲ್ಲಿ ಒಪ್ಪಿಗೆ ಅನ್ನುವುದು ಮೊದಲ ನಿಯಮ. ಸಾಕು ಅನ್ನಿಸಿದಾಗ ಹೇಳಲು ಒಂದು ಗುರುತಿನ ಮಾತು ಇಟ್ಟುಕೊಳ್ಳುತ್ತಾರೆ, ಸೇಫ್ ವರ್ಡ್ ಅಂತ. ಅದನ್ನು ಹೇಳಿದ ಕೂಡಲೇ ಎಲ್ಲ ನಿಲ್ಲಬೇಕು. ಪುಸ್ತಕದಲ್ಲೂ ಎರಡು ಮಾತು ಇವೆ, ಹಳದಿ ಮತ್ತು ಕೆಂಪು, ಸಿಗ್ನಲ್ ದೀಪದ ಹಾಗೆ. ಮೊದಲ ಭಾಗದ ಕೊನೆಯಲ್ಲಿ ಅವಳು ಬೆಲ್ಟಿನ ಆರು ಏಟು ತಿನ್ನುತ್ತಾಳೆ, ಆ ಮಾತು ಬಾಯಿಗೆ ಬರುವುದಿಲ್ಲ, ಅತ್ತು ಎದ್ದು ಹೋಗುತ್ತಾಳೆ. ಆಮೇಲೆ ಅವನು "ನೀನು ಯಾಕೆ ಹೇಳಲಿಲ್ಲ" ಅಂತ ಅವಳನ್ನೇ ಕೇಳುತ್ತಾನೆ!

ಇಷ್ಟಾದಮೇಲೆ ಪುಸ್ತಕ ಏನು ಹೇಳುತ್ತದೆ? ಅವನ ಈ ಆಸೆ ಒಂದು ಕಾಯಿಲೆ. ಬಾಲ್ಯದಲ್ಲಿ ಅನುಭವಿಸಿದ ಹಿಂಸೆಯಿಂದ ಬಂದದ್ದು. ಒಳ್ಳೆಯ ಹುಡುಗಿಯ ಪ್ರೀತಿ ಸಿಕ್ಕರೆ ವಾಸಿಯಾಗುತ್ತದೆ. ನಮ್ಮಲ್ಲಿ "ಮದುವೆ ಮಾಡಿದರೆ ಸರಿಹೋಗುತ್ತಾನೆ" ಅನ್ನುತ್ತಾರಲ್ಲ, ಅದೇ. ಕುಡುಕನಾಗಲಿ, ಜೂಜುಕೋರನಾಗಲಿ, ಎಲ್ಲರಿಗೂ ಒಂದೇ ಔಷಧಿ. ಇಷ್ಟು ದೊಡ್ಡ "ಬೋಲ್ಡ್" ಪುಸ್ತಕದ ಹೊಟ್ಟೆಯೊಳಗೆ ನಮ್ಮ ಸೋದರತ್ತೆ ಕೂತಿದ್ದಾಳೆ.

2013ರಲ್ಲಿ ಅಮೆರಿಕದ ಸಂಶೋಧಕಿಯರು ಮೊದಲ ಭಾಗವನ್ನು ಸಾಲುಸಾಲಾಗಿ ಓದಿ, ಇಬ್ಬರ ನಡುವಿನ ನಡವಳಿಕೆ ದೌರ್ಜನ್ಯದ ಲಕ್ಷಣಕ್ಕೆ ಹೊಂದುತ್ತದೆ ಅಂತ ಬರೆದರು. ಹಿಂಬಾಲಿಸುವುದು, ಬೆದರಿಸುವುದು, ಗೆಳೆಯರಿಂದ ದೂರ ಮಾಡುವುದು. ಅರ್ಧ ಓದಿದವಳು ತಮ್ಮ ಅಪಾರ್ಟ್‌ಮೆಂಟಿನ ಸ್ವಿಫ್ಟ್‌ನಲ್ಲೇ ಅದನ್ನು ಕಂಡುಹಿಡಿದಿದ್ದಾರೆ.

ರಾತ್ರಿ ಪಾಳಿ

ಸೋದರತ್ತೆ ಮಾತು ಒಪ್ಪಿದೆ. ನನ್ನ ಪಾರ್ಟಿಯಲ್ಲೇ ಇದ್ದುಕೊಂಡು ಇನ್ನೊಂದು ದೂರು ಸೇರಿಸುತ್ತೇನೆ. ಮೂರನೇ ಭಾಗದಲ್ಲಿ ಅವಳು ಗರ್ಭನಿರೋಧಕ ಇಂಜೆಕ್ಷನ್ ತಪ್ಪಿಸಿಕೊಂಡು ಬಸುರಿಯಾಗುತ್ತಾಳೆ. ಅಷ್ಟು ಹಣವಿರುವ ಮನೆ, ಕಾವಲಿಗೆ ಹತ್ತು ಜನ, ಒಬ್ಬರೂ ಇಂಜೆಕ್ಷನ್ ದಿನ ನೆನಪಿಸಲಿಲ್ಲ. ಸುದ್ದಿ ಕೇಳಿ ಗಂಡ ರೇಗಿ ಕುಡಿಯಲು ಹೋಗುತ್ತಾನೆ. ಅಲ್ಲಿ ನನಗೂ ಫೋನ್ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಇಎಂಐ ಬಾಕಿ ಇತ್ತು.

ಸುಮ್ನೆ ಓದುವವ

ಮೇಲೆ ನಾನು ಬರೆದದ್ದು ಸ್ವಲ್ಪ ಜಾಸ್ತಿ ಆಯಿತು. ಹಾಗೆ ಹೇಳಬಾರದಿತ್ತು. ಸಿನಿಮಾ ಬಗ್ಗೆ ಯಾರೂ ಏನೂ ಹೇಳಲಿಲ್ಲವಲ್ಲ?

ಖಾರಾಬಾತ್

ನೋಡಿ, ನಿಧಾನಕ್ಕೆ ಒಳಗೆ ಬಂದರು. ಕೂತುಕೊಳ್ಳಿ ಸರ್.

ಕರಡು ತಿದ್ದುವವಳು

ಸಿನಿಮಾ ಬಂದದ್ದು 2015ರ ಫೆಬ್ರವರಿ, ಪ್ರೇಮಿಗಳ ದಿನದ ಲೆಕ್ಕ ಹಾಕಿ. ನಮ್ಮ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲಿಲ್ಲ. ಕತ್ತರಿಸಿ ತಂದರೂ ಒಪ್ಪಲಿಲ್ಲ. ಆದ್ದರಿಂದ ಇಲ್ಲಿನ ಥಿಯೇಟರಿಗೆ ಬರಲೇ ಇಲ್ಲ. ಪುಸ್ತಕ ಮಾತ್ರ ಪ್ರತಿ ಸಿಗ್ನಲ್ಲಿನಲ್ಲಿ ಸಿಗುತ್ತಿತ್ತು. ಹೊರಗೆ 50 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದೇ ಚಿತ್ರಕ್ಕೆ ಆ ವರ್ಷದ ಅತಿ ಕೆಟ್ಟ ಚಿತ್ರ ಅಂತ ರ‍್ಯಾಜ಼ಿ ಪ್ರಶಸ್ತಿಯೂ ಬಂತು, ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡು. ನಾನು ಆಮೇಲೆ ನೋಡಿದೆ. ಪುಸ್ತಕಕ್ಕಿಂತ ವಾಸಿ. ಕಾರಣ ಸುಲಭ, ಅಲ್ಲಿ ಅಂತರಂಗದ ದೇವತೆ ಇಲ್ಲ.

2015ರಲ್ಲೇ ಲೇಖಕಿ ಇಡೀ ಕಥೆಯನ್ನು ಗ್ರೇಯ ಬಾಯಿಂದ ಮತ್ತೆ ಹೇಳಿಸಲು ಶುರು ಮಾಡಿದರು. ಅದೂ ಮೂರು ಸಂಪುಟವಾಯಿತು, ಕೊನೆಯದು 2021ರಲ್ಲಿ ಬಂತು. ಅದೇ ಘಟನೆ, ಅದೇ ಮಾತು, ಅದೇ ಈಮೇಲ್. ನಿನ್ನೆಯ ಇಡ್ಲಿಗೆ ಒಗ್ಗರಣೆ ಹಾಕಿ ಉಪ್ಪಿಟ್ಟು ಮಾಡುತ್ತೇವಲ್ಲ, ಹಾಗೆ. ನಮ್ಮದು ಕಡೇಪಕ್ಷ ರುಚಿಯಾಗಿರುತ್ತದೆ.

ಅರ್ಧ ಓದಿದವಳು

ಎಲ್ಲರ ಉತ್ತರ ಓದಿದೆ. ಎರಡು ದಿನ ತಲೆಯಲ್ಲಿ ಇದೇ ಓಡುತ್ತಿತ್ತು. ರಾತ್ರಿ ಪಾಳಿ ಅಕ್ಕನ ಕುಷ್ಠದ ಮಾತು ನನ್ನನ್ನು ಬಿಡಲಿಲ್ಲ. ಹೌದು, ಅವಳಿಗೆ ಶಿಕ್ಷೆ ಇಲ್ಲ. ಅದು ದೊಡ್ಡ ವಿಷಯವೇ. ಆದರೂ ಲೆಕ್ಕ ಹಾಕಿ ನೋಡಿದೆ. ಅವಳ ಕಾರು ಹೋಯಿತು. ಕೆಲಸದ ಜಾಗ ಅವನದಾಯಿತು. ಗೆಳೆಯ ಹೊಸೆ ಜೊತೆ ಮಾತಾಡಿದರೆ ಅವನಿಗೆ ಉರಿ. ಮದುವೆಯಾದಮೇಲೆ ಆಫೀಸಿನ ಈಮೇಲಿನಲ್ಲಿ ಅವನ ಅಡ್ಡಹೆಸರು ಹಾಕಿಕೊಳ್ಳಲಿಲ್ಲ ಅಂತ ಆಫೀಸಿಗೇ ಬಂದು ಜಗಳ ಮಾಡುತ್ತಾನೆ. ಮುಂದೆ ಏನೇನಾಗುತ್ತದೆ ಅಂತ ಪುಟ ತಿರುವಿ ನೋಡಿದಾಗ ಕಣ್ಣಿಗೆ ಬಿತ್ತು. ಕುಷ್ಠ ಬರಲಿಲ್ಲ, ನಿಜ. ಅವಳಿಂದ ದಂಡವನ್ನು ಕಂತಿನಲ್ಲಿ ಕಟ್ಟಿಸಿಕೊಂಡರು.

ಮತ್ತೆ ನನಗೆ ಬೇಕಾಗಿದ್ದದ್ದು ಏನು ಅಂತಲೂ ಯೋಚಿಸಿದೆ. ಒಬ್ಬಳು ಹೆಂಗಸು ಬಾಯಿಬಿಟ್ಟು "ನನಗೆ ಇದು ಬೇಕು" ಅನ್ನಬೇಕಿತ್ತು. ಅನಸ್ತೇಸಿಯಾ ಮೂರು ಪುಸ್ತಕದ ಉದ್ದಕ್ಕೂ ಅವನಿಗೆ ಏನು ಬೇಕು, ಅದನ್ನು ನಾನು ಕೊಡಬಲ್ಲೆನಾ ಅನ್ನುವುದನ್ನೇ ಯೋಚಿಸುತ್ತಾಳೆ. ಅದಕ್ಕೆ ನನಗೆ ಹೊಸ ಪುಸ್ತಕ ಬೇಕಾ? ನಾಳೆ ತಿಂಡಿಗೆ ಏನು ಬೇಕು ಅಂತ ಹದಿನೇಳು ವರ್ಷದಿಂದ ಮನೆಯಲ್ಲಿ ಎಲ್ಲರನ್ನೂ ಕೇಳುತ್ತಲೇ ಇದ್ದೇನೆ.

ಮೇಷ್ಟ್ರೇ, ಯಶೋಧರ ಚರಿತೆಗೆ ಹೊಸಗನ್ನಡ ಗದ್ಯ ಇರುವ ಪುಸ್ತಕ ಯಾವುದು ಒಳ್ಳೆಯದು? ಹಳಗನ್ನಡ ಓದಿ ಇಪ್ಪತ್ತು ವರ್ಷದ ಮೇಲಾಯಿತು.

ಹಳೇ ಮೇಷ್ಟ್ರು

ಗದ್ಯಾನುವಾದ ಇರುವ ಆವೃತ್ತಿಗಳು ಒಂದೆರಡಲ್ಲ. ನನ್ನ ಹತ್ತಿರ ಎರಡು ಪ್ರತಿ ಇವೆ, ಒಂದನ್ನು ಕಳಿಸುತ್ತೇನೆ. ಪುಟದ ಅಂಚಿನಲ್ಲಿ ನನ್ನ ಪೆನ್ಸಿಲ್ ಗೀಟು ಇರುತ್ತವೆ, ಬೇಸರ ಮಾಡಿಕೊಳ್ಳಬೇಡಿ. ಅದಕ್ಕೆ ಬೈಂಡ್ ಹಾಕುವ ಅಗತ್ಯವಿಲ್ಲ, ಆ ಹೆಸರು ನೋಡಿಯೇ ಯಾರೂ ಮುಟ್ಟುವುದಿಲ್ಲ.

ಸಿಯಾಟಲ್ ಮಳೆ

ಮೂರು ಪುಸ್ತಕ ಈಗ ಏನು ಮಾಡುತ್ತೀರಿ? ಬ್ರಿಟನ್ನಿನ ಸ್ವಾನ್ಸೀ ಊರಿನ ಆಕ್ಸ್‌ಫಾಮ್ ಅನ್ನುವ ದಾನಸಂಸ್ಥೆಯ ಅಂಗಡಿಗೆ ಜನ ಓದಿ ಮುಗಿಸಿದ ಪ್ರತಿಗಳನ್ನು ದಾನ ಮಾಡಿ ಮಾಡಿ ರಾಶಿ ಬಿದ್ದಿತ್ತು. 2016ರಲ್ಲಿ ಅವರು ಆ ಪ್ರತಿಗಳಿಂದಲೇ ಒಂದು ಕೋಟೆ ಕಟ್ಟಿ, ದಯವಿಟ್ಟು ಇನ್ನು ತರಬೇಡಿ ಅಂತ ಫೋಟೊ ಹಾಕಿದ್ದರು.

ಅರ್ಧ ಓದಿದವಳು

ಅಯ್ಯೋ, ನಾನು ನಿನ್ನೆಯೇ ಆ ಹಳೇ ಅಂಗಡಿಗೆ ವಾಪಸ್ ಒಯ್ದಿದ್ದೆ. ಅಂಗಡಿಯವರು ಬೈಂಡ್ ಬಿಚ್ಚಿ ನೋಡಿದರು, ನನ್ನ ಮುಖ ನೋಡಿದರು, "ಇದು ಒಳಗೆ ಇನ್ನೂ ಎಂಟು ಸೆಟ್ ಇದೆ ಮೇಡಂ" ಅಂದರು. ಮತ್ತೆ ಬೈಂಡ್ ಹಾಕಿಕೊಂಡು ಮನೆಗೆ ತಂದಿದ್ದೇನೆ.

ಸುಮ್ನೆ ಓದುವವ

ಯಾರಿಗೂ ಬೇಡವಾದರೆ ನನಗೆ ಕಳಿಸಬಹುದಾ? ಕೊರಿಯರ್ ಖರ್ಚು ನಾನೇ ಕೊಡುತ್ತೇನೆ. ಆ ಲೇಬಲ್ ಮಾತ್ರ ಕೀಳಬೇಡಿ.